ಕಾಲುಸೇತುವೆಯ ಕಂಬಿ

ಒಂಬತ್ತನೆಯ ಪುಟದಲ್ಲಿ ಮೇಷ್ಟ್ರ ಕೆಂಪು ಪೆನ್ಸಿಲ್ ನಿಂತಿತು. ಎದುರಿಗೆ ಕೂತಿದ್ದ ಹಳೆಯ ಶಿಷ್ಯೆ, ಈಗ ನಗರಸಭೆಯ ಎಂಜಿನಿಯರ್, ಕಾಫಿ ಲೋಟದೊಳಗೇ ನೋಡುತ್ತಿದ್ದಳು. ಮೇಷ್ಟ್ರು ಹರೆಯದಲ್ಲಿ ವಿನ್ಯಾಸ ಮಾಡಿದ್ದ ಕಾಲುಸೇತುವೆ ಇನ್ನೂ ಗಟ್ಟಿಯಾಗಿದೆ ಎಂಬ ವರದಿಯನ್ನು, "ಒಮ್ಮೆ ಕಣ್ಣಾಡಿಸಿ ಸರ್" ಎಂದು ಅವಳೇ ತಂದುಕೊಟ್ಟಿದ್ದಳು. ಕಣ್ಣಾಡಿಸಿ ಸುಮ್ಮನಿರುವ ಜಾಯಮಾನ ಅವರದಲ್ಲವೆಂದು ಅವಳಿಗೆ ಗೊತ್ತಿರಬೇಕಿತ್ತು.

ಹೊಳೆಯ ಈಚೆ ಅವರ ಮನೆ, ಆಚೆ ಅವರು ಮೂವತ್ತು ವರ್ಷ ಪಾಠ ಹೇಳಿದ ವಿಶ್ವವಿದ್ಯಾಲಯ. ಕೆಲಸದಿಂದ ನಿವೃತ್ತರಾಗಿ, ಹೆಂಡತಿಯೂ ತೀರಿಕೊಂಡ ಮೇಲೆ ಅವರಿಗೆ ಮಾತಾಡಲು ಜನ ಸಿಗುತ್ತಿದ್ದದ್ದು ಸಂಜೆ ಆ ಸೇತುವೆಯ ಮೇಲೆ ಮಾತ್ರ. ನಟ್ಟನಡುವೆ ನಿಂತು ಕಂಬಿಯ ಮೇಲೆ ಅಂಗೈ ಇಟ್ಟರೆ ಸಾಕು, ಅದರ ಸಣ್ಣ ನಡುಕದಲ್ಲೇ ತರಗತಿ ಬಿಟ್ಟಿತೆಂದು ತಿಳಿಯುತ್ತಿತ್ತು. ಆಮೇಲೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ, "ಚೆನ್ನಾಗಿದ್ದೀರಾ ಸರ್?" ಮನೆಗೆ ಬಂದರೆ ಮರುದಿನ ಸಂಜೆಯ ತನಕ ಬಾಯಿಗೆ ಬೀಗ.

"ತೊಲೆಯ ಉಕ್ಕು ಇಪ್ಪತ್ತು ಮಿಲಿಮೀಟರ್ ದಪ್ಪ ಅಂತ ಹಿಡಿದಿದ್ದೀಯಲ್ಲಮ್ಮ?"

"ನಿಮ್ಮ ನಕ್ಷೇಲಿ ಹಾಗೇ ಇದೆ ಸರ್."

"ನಾನು ನಕ್ಷೆ ಬರೆದು ಯಾವ ಕಾಲವಾಯ್ತು. ತುಕ್ಕು ಉಪವಾಸ ಇರುತ್ತಾ? ನೀನು ಅಳೆದಾಗ ಎಷ್ಟಿತ್ತು?"

ಅವಳು ಲೋಟ ಕೆಳಗಿಟ್ಟಳು. "ಹದಿಮೂರು."

"ಮತ್ತೆ?"

"ದಿನಾ ಸಂಜೆ ನೀವು ಅಲ್ಲೇ ನಿಂತಿರ್ತೀರಿ. ಮುಚ್ಚಿಬಿಟ್ರೆ ಎಲ್ಲಿಗೆ ಹೋಗ್ತೀರಿ ಸರ್?"

ಮೇಷ್ಟ್ರು ತಮ್ಮ ಒಂಟಿತನ ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದರು; ನಾಚಿಕೆಯಾಯಿತು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಪುಟ ತಿರುವಿಬಿಡೋಣ ಎನ್ನಿಸಿದ್ದೂ ನಿಜ.

"ಭಾರ ಯಾರ ಮುಲಾಜೂ ನೋಡಲ್ಲಮ್ಮ. ಅಷ್ಟು ಮಕ್ಕಳು ಓಡಾಡೋ ಜಾಗ" ಎಂದು ಇಪ್ಪತ್ತನ್ನು ಹೊಡೆದುಹಾಕಿ ಹದಿಮೂರು ಬರೆದರು. ಅಲ್ಲೇ ಅಂಚಿನಲ್ಲಿ ಲೆಕ್ಕ ಮಾಡಿದರು. ಆ ಲೆಕ್ಕದಲ್ಲಿ ಸೇತುವೆ ನಿಲ್ಲಲಿಲ್ಲ. ಹಳೆಯ ಚಾಳಿ, ಕೆಳಗೆ ಅಂಕವನ್ನೂ ಹಾಕಿದರು: ಅಳತೆಗೆ ಹತ್ತು, ಲೆಕ್ಕಕ್ಕೆ ಸೊನ್ನೆ. ಅದನ್ನು ಓದಿ ಅವಳು ನಗಲು ಹೋಗಿ ಕಣ್ಣೊರೆಸಿಕೊಂಡಳು.

ಅದೇ ವಾರ ಸೇತುವೆಯ ಎರಡೂ ತುದಿಗೆ 'ಮುಚ್ಚಿದೆ' ಎಂದು ಬರೆದ ಹಲಗೆಗಳು ಅಡ್ಡ ಬಿದ್ದವು. ಸಂಜೆ ಐದಕ್ಕೆ ಮೇಷ್ಟ್ರ ಕಾಲು ತಾನಾಗಿ ಅಲ್ಲಿಗೇ ಬಂತು. ಆಚೆ ದಡದಲ್ಲಿ ವಿದ್ಯಾರ್ಥಿಗಳು ಹಲಗೆಯನ್ನು ಓದಿ, ದೂರದ ದೊಡ್ಡ ಸೇತುವೆಯ ಕಡೆ ಗುಂಪಾಗಿ ತಿರುಗಿಕೊಳ್ಳುತ್ತಿದ್ದರು. ಯಾರೋ ಒಬ್ಬಳು ಇತ್ತ ನೋಡಿ ಏನೋ ಕೂಗಿದಳು. ಹೊಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಮೇಷ್ಟ್ರು ಕೈ ಎತ್ತುವಷ್ಟರಲ್ಲಿ ಅವಳೂ ಹೋಗಿದ್ದಳು.

ಎತ್ತಿದ ಕೈಯನ್ನು ಕಂಬಿಯ ಮೇಲಿಟ್ಟರು. ಬಹಳ ಹೊತ್ತು ಹಾಗೇ ನಿಂತರು. ಕಂಬಿ ಒಂದಿಷ್ಟೂ ಅಲುಗಲಿಲ್ಲ.