ಪಹಣಿಯಲ್ಲಿ ಇನ್ನೂ ತಾತನ ಹೆಸರು

ಒಂದೂರಲ್ಲಿ ಒಬ್ಬ ರಾಜನಿದ್ದನಂತೆ. ಸತ್ತು ಒಂಬತ್ತು ವರ್ಷವಾದರೂ ರಾಜ್ಯ ಅವನ ಹೆಸರಲ್ಲೇ ಇತ್ತಂತೆ. ರಾಜನ ಹೆಸರು ಸಂಜೀವಪ್ಪ. ರಾಜ್ಯ ಅಂದರೆ ಸೂಲಿಬೆಲೆ ಪಕ್ಕದ ಒಂದೂಕಾಲು ಎಕರೆ ರಾಗಿ ಹೊಲ. ಅದನ್ನು ಕಾಯಲು ರಾಣಿ ಅಕ್ಕಯ್ಯಮ್ಮ ಉಳಿದಿದ್ದಳು.

ಮೊಮ್ಮಗಳು ಕೀರ್ತನಳಿಗೆ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಅಕ್ಕಯ್ಯಮ್ಮ ತಲೆ ಮುಟ್ಟಿ ಮಾತು ಕೊಟ್ಟಿದ್ದಳು: "ನೀನ್ ಓದು ಮಗ. ಕಾಗದ ಪತ್ರ ಏನ್ ಬೇಕೋ ನಾನ್ ಮಾಡಿಸಿಕೊಡ್ತೀನಿ."

ಮೊದಲ ವರ್ಷ ಹೇಗೋ ಕಳೆಯಿತು. ಯಾವ ಕಾಗದ ಎಂದು ತಿಳಿದದ್ದು ಆಮೇಲೆ. ರೈತರ ಮಕ್ಕಳ ವಿದ್ಯಾರ್ಥಿವೇತನಕ್ಕೆ ಅಪ್ಪನ ರೈತ ಗುರುತಿನ ಸಂಖ್ಯೆ ಬೇಕಿತ್ತು. ಅದು ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಹೊಲ ಉಳುವವನು ಮಗ ಮುನಿಕೃಷ್ಣ. ಪಹಣಿಯಲ್ಲಿ ಇದ್ದವನು ಸತ್ತ ಸಂಜೀವಪ್ಪ.

"ಪೌತಿ ಖಾತೆ ಮಾಡಿಸಿ ಅಜ್ಜಿ," ಎಂದಳು ಪಕ್ಕದ ಮನೆಯ ವಾಣಿ. ಊರಿನ ಮಹಿಳಾ ಸಂಘದ ಲೆಕ್ಕದ ಪುಸ್ತಕ ಬರೆಯುವವಳು ಅವಳೇ. "ಮರಣ ಪ್ರಮಾಣ ಪತ್ರ, ವಂಶವೃಕ್ಷ, ಆಧಾರ್ ತಗೊಂಡು ನಾಡಕಚೇರಿಗೆ ಅರ್ಜಿ ಕೊಡೋದು. ಜಮೀನು ನಿಮ್ ಹೆಸರಿಗೂ ಮುನಿಕೃಷ್ಣಣ್ಣನ ಹೆಸರಿಗೂ ಬರತ್ತೆ."

"ಅವ್ರನ್ನ ಒಂದ್ ಸಲ ಸುಟ್ಟಿದ್ದು ಸಾಲ್ದಾ? ಈಗ ಹೆಸರೂ ಸುಡ್ಬೇಕಾ?"

"ಹಂಗಲ್ಲ ಅಜ್ಜಿ..."

"ದೇವನಹಳ್ಳಿ ಕಡೆ ನೋಡಿಲ್ವಾ ಬ್ರೋಕರ್‌ಗಳನ್ನ? ಸತ್ತೋರ ಕೈಲಿ ಯಾರೂ ಹೆಬ್ಬೆಟ್ಟು ಒತ್ತಿಸ್ಕೊಳ್ಳಕ್ಕಾಗಲ್ಲ ಕಣಮ್ಮ. ಅವ್ರೇ ಹೊಲ ಕಾಯ್ತಾವ್ರೆ."

"ಮಾರೋದು ಬಿಡೋದು ಆಮೇಲೂ ನಿಮ್ ಕೈಲೇ ಅಲ್ವಾ?"

"ಎರಡಕ್ಷರ ಕಲ್ತೋಳು ನೀನು, ಹಂಗೇ ಅಂತೀಯ."

ಮೂರು ವಾರ ಇದೇ ಮಾತು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ಕಳೆಯಿತು. ಎರಡನೇ ವರ್ಷದ ಶುಲ್ಕಕ್ಕೆ ದಾರಿಯಿಲ್ಲದೆ ಕೀರ್ತನ ಹಾಸ್ಟೆಲ್ ಬಿಟ್ಟು ಟ್ರಂಕ್ ಹೊತ್ತು ಬಂದಳು. ದೇವನಹಳ್ಳಿಯ ಹೋಟೆಲೊಂದರಲ್ಲಿ ಚಾದರ ಮಡಿಸುವ ಕೆಲಸ ಹಿಡಿದಳು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಅಕ್ಕಯ್ಯಮ್ಮನಿಗೆ ಹಗುರಾಗುತ್ತಿತ್ತು.

ಒಂದು ಬೆಳಿಗ್ಗೆ ಕೀರ್ತನ ಬಚ್ಚಲ ಒಲೆಗೆ ಏನೋ ತುರುಕುತ್ತಿದ್ದಳು. ಹೊಲದ ಕಳೆಗಳನ್ನು ಒಣಗಿಸಿ ಅಂಟಿಸಿದ್ದ ಕಾಲೇಜಿನ ಪುಸ್ತಕ. ಅಕ್ಕಯ್ಯಮ್ಮ ಕಸಿದುಕೊಳ್ಳುವಷ್ಟರಲ್ಲಿ ಅರ್ಧ ಕರಕಲಾಗಿತ್ತು.

"ಲೇ, ಈ ಜೇಕು ನಾನ್ ಕಿತ್ತುಕೊಟ್ಟಿದ್ದಲ್ವೇನೇ?"

"ಹೂಂ. ಇನ್ಮೇಲೆ ಯಾರಿಗ್ ಬೇಕು, ಬಿಡಜ್ಜಿ."

ಮಸಿ ಮೆತ್ತಿದ ಕೈಯಲ್ಲೇ ಅಕ್ಕಯ್ಯಮ್ಮ ವಾಣಿಯ ಬಾಗಿಲು ತಟ್ಟಿದಳು. "ಸತ್ತೋರ ಹೆಸರು ಕಾಯಕ್ಕೋಗಿ ಇರೋ ಕೂಸನ್ನ ಕಳ್ಕೊಂಬಿಟ್ಟೆ. ನಡಿಯೇ, ಎಲ್ಲಿ ಹೆಬ್ಬೆಟ್ಟು ಒತ್ತಬೇಕೋ ತೋರ್ಸು."

ವಾಣಿ ಬರೆಸಿದ ಮನವಿಗೆ ಕಾಲೇಜು ಸೀಟನ್ನೇನೋ ಉಳಿಸಿತು. ಆದರೆ ಕೀರ್ತನಳ ಒಂದು ವರ್ಷ ಚಾದರಗಳ ಮಡಿಕೆಯಲ್ಲಿ ಹೋಯಿತು. ಅದು ಮತ್ತೆ ಬರುವುದಿಲ್ಲ. ನಾಡಕಚೇರಿಗೆ ಐದು ಸಲ ಅಲೆದ ಮೇಲೆ ಪಹಣಿಗೆ ಬದುಕಿರುವವರ ಹೆಸರು ಏರಿತು. ರೈತ ಸಂಪರ್ಕ ಕೇಂದ್ರದಲ್ಲಿ ಮುನಿಕೃಷ್ಣನಿಗೆ ಸಂಖ್ಯೆ ಸಿಕ್ಕಿತು. ಅದನ್ನು ಬರೆದ ಚೀಟಿಯನ್ನು ಅಕ್ಕಯ್ಯಮ್ಮ ಮೊಮ್ಮಗಳ ಕೈಗಿಟ್ಟಳು.

"ತಗೋ ಮಗ. ತಡ ಮಾಡ್ಬಿಟ್ಟೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪಹಣಿಯನ್ನು ಇವತ್ತೇ ತೆಗೆಸಿ ನೋಡಿ. ಸತ್ತವರ ಹೆಸರಿದ್ದರೆ ಮಗು ಕಾಲೇಜು ಸೇರುವ ಮೊದಲೇ ಪೌತಿ ಖಾತೆಗೆ ಅರ್ಜಿ ಕೊಡಿ. ಜಮೀನಿಲ್ಲದವರೂ ಸುಮ್ಮನಿರಬೇಡಿ. ನಮ್ಮ ಮಗುವಿಗೆ ಯಾವ ವಿದ್ಯಾರ್ಥಿವೇತನ ಸಿಗುತ್ತದೆ, ಕೊನೆಯ ದಿನ ಯಾವುದು ಎಂದು ಕಾಲೇಜಿನ ಕಚೇರಿಯಲ್ಲೇ ಕೇಳಿ. ನಾಳೆ ಅನ್ನಬೇಡಿ.