ಹೆಸರು ಬದಲಾಯಿಸಲಾಗಿದೆ

"ಹೆಸರು ಬದಲಾಯಿಸಿ ಹೇಳಿ, ಅಷ್ಟೇ ಸಾಕು," ಎಂದಳು ಬ್ರಿಜೆಟ್. "ಊರು ಬದಲಾಯಿಸಿ, ಮಕ್ಕಳ ಲೆಕ್ಕ ಬದಲಾಯಿಸಿ. ಆಮೇಲೆ ಅದು ಯಾರ ಕಥೆಯೂ ಅಲ್ಲ, ಬರೀ ಪಾಠ."

ಸುಲುವೆತಿ ಎದ್ದು ನಿಂತಳು. ಸವುಸವು ಪಟ್ಟಣದ ಆಸರೆ ಮನೆಯಲ್ಲಿ ಅವಳು ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು. ಗಂಡನ ಏಟು ತಾಳಲಾರದೆ ಓಡಿಬಂದ ಹೆಂಗಸರನ್ನು ಒಳಗೆ ಕರೆದುಕೊಳ್ಳುವುದು, ಗಾಯ ತೊಳೆಯುವುದು, ಅಡುಗೆ ಮಾಡಿ ಹಾಕುವುದು, ಅವರು ಅಳುವಾಗ ಪಕ್ಕದಲ್ಲಿ ಕೂರುವುದು ಎಲ್ಲ ಅವಳದೇ. ಆಡಳಿತ ಮಂಡಳಿಯವರ ಸಭೆ ನಡೆದಾಗಲೆಲ್ಲ ಚಹಾ ಹಿಡಿದು ಒಳಗೆ ಹೋಗಿ ಖಾಲಿ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದಳೇ ಹೊರತು, ನಿನಗೇನು ಗೊತ್ತು ಹೇಳು ಎಂದು ಯಾರೂ ಕೇಳಿದ್ದಿಲ್ಲ. ಈಗ ಬ್ರಿಸ್ಬೇನಿನಿಂದ ಮಂಡಳಿಗೂ ಸಿಬ್ಬಂದಿಗೂ ಒಟ್ಟಿಗೆ ತರಬೇತಿ ಕೊಡಲು ಬಂದ ಈ ಬ್ರಿಜೆಟ್ ಕೇಳುತ್ತಿದ್ದಾಳೆ. ಚರ್ಚಿನ ಸಭಾಂಗಣದಲ್ಲಿ ಎಲ್ಲರೂ ತನ್ನತ್ತ ತಿರುಗಿ ಕೂತಿದ್ದಾರೆ. ಸುಲುವೆತಿಗೆ ಹಿಗ್ಗಾಯಿತು. ಹಿಗ್ಗು ಒಳ್ಳೆಯದೇ, ಆದರೆ ಅದಕ್ಕೆ ನಾಲಿಗೆಯ ಮೇಲೆ ಹಿಡಿತ ಇರುವುದಿಲ್ಲ.

"ಮೇರಿ ಅಂತ ಇಟ್ಕೊಳಿ," ಎಂದು ಶುರುಮಾಡಿದಳು. "ದೂರದ ಒಂದು ದ್ವೀಪದೋಳು. ಒಂದೇ ಮಗು."

ಅವಳ ನಿಜವಾದ ಹೆಸರು ವಾಸಿತಿ. ಅವಳು ದ್ವೀಪದವಳಲ್ಲ, ಇದೇ ನೆಲದ ಆಚೆ ಕಡಲಂಚಿನ ನಾವೂಲ ಎಂಬ ಹಳ್ಳಿಗೆ ಮದುವೆಯಾಗಿ ಹೋದವಳು. ಮಕ್ಕಳಿಲ್ಲ. ಗಂಡ ಎರೋನಿ ದೋಣಿಯ ಹುಟ್ಟಿನಿಂದ ಹೊಡೆದು ಅವಳ ದವಡೆ ಮುರಿದಿದ್ದ. ಆಸ್ಪತ್ರೆಯವರು ಹಾಕಿದ್ದ ತಂತಿಯನ್ನು ಈಚೆಗಷ್ಟೇ ಬಿಚ್ಚಿದ್ದರು. ಬಾಯಿ ಇನ್ನೂ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅವಳು ಆಗಲೇ ಕಡಲಾಚೆಯ ರಾಜಧಾನಿ ಸುವಾಕ್ಕೆ ಹೋಗಿಬಿಟ್ಟಿದ್ದಾಳೆ ಎಂದು ನಾವೂಲದವರು ನಂಬಿದ್ದರು, ಹಾಗೆ ಸುದ್ದಿ ಹಬ್ಬಿಸಿದವಳೇ ಸುಲುವೆತಿ. ಆಸರೆ ಮನೆಯಲ್ಲೇ ಅಡಗಿದ್ದ ವಾಸಿತಿ ಮುಂದಿನ ವಾರದ ಹಡಗಿಗೆ ನಿಜವಾಗಿಯೂ ಸುವಾಕ್ಕೆ, ಅಕ್ಕನ ಮನೆಗೆ ಹೊರಡುವವಳಿದ್ದಳು. ಅಲ್ಲಿಯವರೆಗೆ ಯಾರಿಗೂ ಸುಳಿವು ಸಿಗಬಾರದು. ಅವಳು ಕೇಳಿಕೊಂಡಿದ್ದು ಅದೊಂದನ್ನೇ.

ಸುಲುವೆತಿ ಚೆನ್ನಾಗಿಯೇ ಹೇಳಿದಳು. ಹುಟ್ಟನ್ನು ಮರದ ಕೊರಡು ಮಾಡಿದಳು, ದವಡೆಯನ್ನು ಕೈ ಮಾಡಿದಳು. ಬ್ರಿಜೆಟ್ ತಲೆಯಾಡಿಸುತ್ತ ಬಿಳಿ ಹಲಗೆಯ ಮೇಲೆ ಬರೆಯುತ್ತ ಹೋದಳು. ಕಥೆ ಮುಗಿಯುವ ಹೊತ್ತಿಗೆ ಸಭೆ ಮಂಕಾಗಿತ್ತು. ಮಂಡಳಿಯ ಅಧ್ಯಕ್ಷೆ ಆಂದಿ ಲಿತಿಯಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಂದಿ ಎನಿಸಿಕೊಂಡ ದೊಡ್ಡ ಮನೆತನದ ಹೆಂಗಸು ಅತ್ತರೆ ಉಳಿದವರು ಅಳದೆ ಇರುವುದು ಸರಿಯಲ್ಲ. ಇವರನ್ನೆಲ್ಲ ಸ್ವಲ್ಪ ನಗಿಸೋಣ ಅನಿಸಿತು ಸುಲುವೆತಿಗೆ.

"ಬಂದ ದಿನ ಮೀನು ಸಾರು ಮಾಡಿದ್ದೆ. ಬಟ್ಟಲು ಮುಂದಿಟ್ರೆ ಮುಟ್ಟೋದೇ ಇಲ್ಲ. ಯಾಕಮ್ಮಾ ಅಂದ್ರೆ, ಅಷ್ಟು ನೋವಲ್ಲೂ ಹಲ್ಲು ಕಚ್ಕೊಂಡು ಕೇಳ್ತಾಳೆ, 'ಅಕ್ಕಾ, ಸಾರಲ್ಲಿ ಆ ಉದ್ದ ಮೂಗಿನೋರು ಇದಾರಾ?' ಅಂತ!"

ಎಲ್ಲರೂ ನಕ್ಕರು. ಇಲ್ಲಿ ಒಂದೊಂದು ಊರಿಗೆ ಒಂದೊಂದು ಮೀನು, ಒಂದೊಂದು ಮರ ಹಿರಿಯರ ಸಮ. ಅದನ್ನು ತಿನ್ನುವಂತಿಲ್ಲ, ಕೆಲವೆಡೆ ಸೊಸೆಯಂದಿರು ಅದರ ಹೆಸರನ್ನೂ ಎತ್ತುವಂತಿಲ್ಲ. ಮೀನಿಗೆ ಬಹುವಚನ ಕೊಟ್ಟು ಮಾತಾಡುವ ಸೊಸೆಯನ್ನು ನೆನೆದು ಆಂದಿ ಲಿತಿಯಾ ಮತ್ತೆ ಕಣ್ಣೊರೆಸಿಕೊಂಡಳು, ಈ ಸಲ ನಗುವಿನಿಂದ.

ನಗದೆ ಕೂತವನು ಇಸಿಕೇಲಿ ಮೇಷ್ಟ್ರು ಒಬ್ಬನೇ. ಮಂಡಳಿಯ ಹಿರಿಯ ಸದಸ್ಯ, ಚರ್ಚಿನಲ್ಲಿ ಉಪದೇಶ ಮಾಡುವವನು, ಅರ್ಧ ಊರಿಗೆ ಅಕ್ಷರ ಕಲಿಸಿದವನು. ಅವನ ತಂಗಿಯನ್ನು ಕೊಟ್ಟಿದ್ದು ನಾವೂಲಕ್ಕೆ. ಉದ್ದ ಮೂಗಿನ ಮೀನಿನ ಹೆಸರನ್ನು ಹೆಂಗಸರು ಎತ್ತದ ಊರು ಈ ಕರಾವಳಿಯಲ್ಲಿ ಅದೊಂದೇ. ಆ ತಂಗಿಯ ಮಗನೇ ಎರೋನಿ.

ಮಧ್ಯಾಹ್ನದ ಪಾಠ ಹಿತಾಸಕ್ತಿಯದು. ನಿಮ್ಮವರಿಗೆ ಸಂಬಂಧಪಟ್ಟ ವಿಷಯ ಮಂಡಳಿಯ ಮುಂದೆ ಬಂದರೆ ಏನು ಮಾಡಬೇಕು ಎಂದು ಬ್ರಿಜೆಟ್ ಕೇಳಿದಳು.

"ನಮ್ಮವರಲ್ಲದೋರು ಯಾರಮ್ಮಾ ಇಲ್ಲಿ?" ಎಂದಳು ಆಂದಿ ಲಿತಿಯಾ. "ಕಲ್ಲು ಎಸೆದ್ರೆ ನೆಂಟರಿಗೇ ಬೀಳತ್ತೆ."

ಬ್ರಿಜೆಟ್ ನಕ್ಕಳು. ಅವಳು ಕೆಟ್ಟವಳಲ್ಲ, ಪೆದ್ದಿಯೂ ಅಲ್ಲ. ಅವಳ ಊರಿನಲ್ಲಿ ಕಲ್ಲು ಎಸೆದರೆ ಬೇಲಿಗೆ ಬೀಳುತ್ತದೆ, ಅಷ್ಟೇ. "ನೆಂಟಸ್ತನ ತಪ್ಪಲ್ಲ, ಮುಚ್ಚಿಡೋದು ತಪ್ಪು," ಎಂದಳು. "ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು. ತೀರ್ಮಾನ ಆಗೋವರೆಗೆ ಎದ್ದು ಹೊರಗೆ ಹೋಗಬೇಕು."

ಇಸಿಕೇಲಿ ಮೇಷ್ಟ್ರು ಮಕ್ಕಳಂತೆ ಕೈಯೆತ್ತಿದ. "ಹೇಳಿ, ಹೊರಗೆ ಹೋಗ್ಬಿಟ್ರೆ ನಮ್ಮ ಮೇಲೆ ದೋಷ ಇರಲ್ವಾ?"

"ಇರಲ್ಲ."

ಮೇಷ್ಟ್ರ ಮುಖ ಹಗುರಾಯಿತು. ಎರೋನಿ ಅವನ ಜಗುಲಿಯಲ್ಲಿ ಕೂತು ಅತ್ತು ಹೋಗಿದ್ದ, "ಮಾವಾ, ಸುವಾದಲ್ಲಿ ಅವಳೆಲ್ಲಿದಾಳೆ ಹುಡುಕ್ಕೊಡು" ಎಂದು. ಸೋದರಮಾವನ ಮನೆಯಲ್ಲಿ ಸೋದರಳಿಯ ಕೇಳಿದ್ದಕ್ಕೆ ಇಲ್ಲವೆನ್ನುವ ಪದ್ಧತಿ ಇಲ್ಲ. ಹಂದಿ ಕೇಳಿದರೆ ಹಂದಿ, ದೋಣಿ ಕೇಳಿದರೆ ದೋಣಿ. ಇತ್ತ ಮಂಡಳಿಯ ಗುಟ್ಟು, ಅತ್ತ ತಂಗಿಯ ರಕ್ತ. ಸಾರಿನ ಮಾತು ಕಿವಿಗೆ ಬಿದ್ದಾಗಲೇ, ಆಸರೆ ಮನೆ ಸೇರಿದ ಆ ಸೊಸೆ ಎರೋನಿಯ ಹೆಂಡತಿಯೇ ಎಂದು ಅವನಿಗೆ ಗೊತ್ತಾಗಿತ್ತು. ಈಗ ದಾರಿ ಕಂಡಿತು.

ಬ್ರಿಜೆಟ್ ಎಲ್ಲರ ಕೈ ಕುಲುಕಿ, ಕೊರಳಿಗೆ ಹಾಕಿದ ಹೂಮಾಲೆ ಸಮೇತ ವಿಮಾನ ಹತ್ತಿದಳು.

ಸೋಮವಾರ ಬೆಳಿಗ್ಗೆ ಆಸರೆ ಮನೆಯ ಅಂಗಳಕ್ಕೆ ಲಾರಿಯೊಂದು ಬಂದು ನಿಂತಿತು. ಅದರಿಂದ ಇಳಿದ ಗಂಡಸರೆಲ್ಲ ಚರ್ಚಿಗೆ ಹೊರಟವರಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಎರೋನಿ ತಲೆ ತಗ್ಗಿಸಿ ಕೊನೆಯಲ್ಲಿ ಇಳಿದ. ಅವರ ಮುಂದಾಳು ಮುದುಕನ ಕೈಯಲ್ಲಿ ತಂಬುವಾ ಇತ್ತು: ತಪ್ಪೊಪ್ಪಿ ಕ್ಷಮೆ ಕೇಳುವಾಗ ಒಪ್ಪಿಸುವ ತಿಮಿಂಗಿಲದ ಹಲ್ಲು, ಮುಟ್ಟಿ ಮುಟ್ಟಿ ಕಂದು ಬಣ್ಣಕ್ಕೆ ತಿರುಗಿದ್ದು. ಸುಲುವೆತಿ ಕಿಟಕಿಯಿಂದ ಅದನ್ನು ನೋಡಿದಳು. ಕತ್ತಿ ಹಿಡಿದು ಬಂದಿದ್ದರೆ ಬಾಗಿಲು ಹಾಕಬಹುದಿತ್ತು. ತಂಬುವಾ ಹಿಡಿದು ಬಂದವರಿಗೆ ಬಾಗಿಲು ಹಾಕಿದವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮಂಡಳಿ ಆಗಲೇ ಒಳಗೆ ಸೇರಿತ್ತು. ತುರ್ತು ಸಭೆ ಎಂದು ಕರೆಸಿದವನು ಇಸಿಕೇಲಿ ಮೇಷ್ಟ್ರೇ. ಅವನು ಎದ್ದುನಿಂತು ಗಂಟಲು ಸರಿಮಾಡಿಕೊಂಡ.

"ನಾನೊಂದು ವಿಷಯ ಎಲ್ಲರ ಮುಂದೆ ಹೇಳ್ಬೇಕು. ಇಲ್ಲಿರೋ ವಾಸಿತಿಯ ಗಂಡ ನನ್ನ ಸೋದರಳಿಯ. ಅವಳು ಇಲ್ಲಿದಾಳೆ ಅಂತ ಅವನ ಕಡೆಯೋರಿಗೆ ತಿಳಿಸಿದ್ದೂ ನಾನೇ. ತಪ್ಪಾಯ್ತು ಅಂತ ಕೇಳ್ಕೊಳೋಕೆ ಕ್ರಮವಾಗಿ ಬಂದಿದಾರೆ. ಅವಳ ತೌರಿನೋರು ಇಲ್ಲಿಲ್ಲ, ಅವಳಿಗೆ ಈಗ ತೌರು ಅಂದ್ರೆ ಈ ಮಂಡಳಿನೇ. ನನ್ನ ಸಂಬಂಧ ಇರೋದ್ರಿಂದ ನಾನು ಹೊರಗೆ ಹೋಗ್ತೀನಿ. ನೀವು ತೀರ್ಮಾನ ಮಾಡಿ."

ಹೇಳಿ, ಹೊರಗೆ ಹೋಗಿ, ದೀವಿ ಹಲಸಿನ ಮರದ ಕೆಳಗೆ ಕೂತ. ಕಲಿತದ್ದನ್ನು ಒಂದಕ್ಷರ ತಪ್ಪದಂತೆ ಮಾಡಿದವನ ನೆಮ್ಮದಿ ಅವನ ಮುಖದ ಮೇಲಿತ್ತು.

"ಇದೇನಿದು ಅನ್ಯಾಯ!" ವ್ಯವಸ್ಥಾಪಕಿ ಸುಶೀಲಮತಿ ಮೇಜಿಗೆ ಕೈ ಬಡಿದಳು. "ಗುಟ್ಟು ಬಿಟ್ಟುಕೊಟ್ಟು ಆಮೇಲೆ ಹೊರಗೆ ಕೂತ್ರೆ ಏನು ಪ್ರಯೋಜನ? ಅಮ್ಮಾ, ಪೊಲೀಸಿಗೆ ಫೋನ್ ಮಾಡ್ತೀನಿ."

"ಮಾಡು," ಎಂದಳು ಆಂದಿ ಲಿತಿಯಾ, ಬೇಸತ್ತ ದನಿಯಲ್ಲಿ. "ಬಂದು ಟೋಪಿ ತೆಗೆದು ಅವನೂ ನಮ್ಜೊತೆ ಕೂತ್ಕೋತಾನೆ. ನಮ್ಮ ಪದ್ಧತಿ ನಿಂಗೆ ಗೊತ್ತಾಗಲ್ಲ ಸುಶೀಲಾ. ತಂಬುವಾ ಅಂಗಳಕ್ಕೆ ಬಂದಾಯ್ತು. ತಿರುಗಿಸಿ ಕಳ್ಸಿದ್ರೆ ನಾಳೆ ಈ ಮನೆಗೆ ಯಾವ ಊರೂ ಒಂದು ಗೆಣಸು ಕೊಡಲ್ಲ. ಮುಂದೆ ಬರೋ ಹೆಂಗಸ್ರನ್ನ ಎಲ್ಲಿಡ್ತೀಯಾ?"

ಸುಲುವೆತಿ ಬಾಗಿಲಲ್ಲೇ ಮಂಡಿಯೂರಿದಳು. "ಆಂದಿ, ಅವಳು ಗುರುವಾರ ಹಡಗು ಹತ್ತೋಳು. ಮೂರೇ ದಿನ. ಮೂರು ದಿನ ಆದ್ಮೇಲೆ ತೀರ್ಮಾನ ಮಾಡ್ತೀವಿ ಅಂತ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದ್ಸಲ ಹೊಡೆದ್ರೆ ಅವಳು ಉಳಿಯಲ್ಲ."

ಆಂದಿ ಲಿತಿಯಾ ಅವಳತ್ತ ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ ಹೇಳಲಾರೆ, ಅದಕ್ಕೇ ನೋಡಲಿಲ್ಲ ಎಂದು ನನಗನಿಸುತ್ತದೆ. "ಇಷ್ಟು ಜನ ಹಿರೀಕರ ಮುಂದೆ ಮಾತು ಕೊಟ್ಟೋನು ಮತ್ತೆ ಕೈಯೆತ್ತಲ್ಲ," ಎಂದಳು. ತಾನೇ ನಂಬದ ಮಾತನ್ನು ಹೇಳುವವರು ಎಷ್ಟು ನಿಧಾನವಾಗಿ ಹೇಳುತ್ತಾರೋ ಅಷ್ಟು ನಿಧಾನವಾಗಿ ಹೇಳಿದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುವವಳಂತೆ ಮೈಮೇಲಿನ ಬಟ್ಟೆ ಸವರಿಕೊಂಡು ಜಗುಲಿಗೆ ನಡೆದಳು.

ಸುಲುವೆತಿ ಹಿಂದಿನ ಕೋಣೆಗೆ ಓಡಿದಳು. ವಾಸಿತಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು, ಕೈಚೀಲ ತೊಡೆಯ ಮೇಲಿತ್ತು. ಲಾರಿಯ ಸದ್ದು ಅವಳಿಗೂ ಕೇಳಿಸಿತ್ತು.

"ಹಿತ್ತಲಿಂದ ಹೋಗ್ಬಿಡು, ನಡಿ. ನಾನು ಬರ್ತೀನಿ ಜೊತೆಗೆ."

"ಎಲ್ಲಿಗಕ್ಕಾ?" ದವಡೆ ಅಲುಗದಂತೆ ತುಟಿಯಲ್ಲೇ ಮಾತಾಡಿದಳು ವಾಸಿತಿ. "ರಸ್ತೆ ಒಂದೇ ಇರೋದು."

ಹೊರಗೆ ಜಗುಲಿಯ ಮೇಲೆ ಮುದುಕನ ದನಿ ಏರಿಳಿಯುತ್ತಿತ್ತು. ನಡೆದದ್ದನ್ನು ಹೂಳಲು ಬಂದಿದ್ದೇವೆ, ಹೂತ ಮೇಲೆ ಯಾರೂ ಅಗೆಯಬಾರದು ಎನ್ನುತ್ತಿದ್ದ. ಆಮೇಲೆ ಬೊಗಸೆ ಮಾಡಿ ತಟ್ಟಿದ ಚಪ್ಪಾಳೆ, ಎಲ್ಲರದೂ ಒಟ್ಟಿಗೆ, ಗಡುಸಾಗಿ. ಆಂದಿ ಲಿತಿಯಾ ತಂಬುವಾ ಸ್ವೀಕರಿಸಿದ್ದಳು, ಎಂದರೆ ವಾಸಿತಿ ಗಂಡನ ಮನೆಗೆ ಮರಳಬೇಕು. ಮುಗಿಯಿತು.

"ಅವರಿಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದಳು ವಾಸಿತಿ.

ಸುಳ್ಳು ಹೇಳಬಹುದಿತ್ತು. ಇಸಿಕೇಲಿಯ ಹೆಸರು ಬಾಯ ತುದಿಗೆ ಬಂದಿತ್ತು. "ನಾನು ಹೇಳ್ದೆ," ಎಂದಳು ಸುಲುವೆತಿ. "ತರಬೇತೀಲಿ. ಹೆಸರು ಬದಲಾಯಿಸಿ ಹೇಳ್ದೆ ವಾಸಿತಿ, ಊರು ಬದಲಾಯಿಸಿದ್ದೆ, ಎಲ್ಲಾ ಬದಲಾಯಿಸಿದ್ದೆ..." ಮುಂದಿನದು ಅಳುವಿನಲ್ಲಿ ಹೋಯಿತು.

ವಾಸಿತಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಸುಲುವೆತಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ವಾಸಿತಿ ಕೇಳಿದಳು, "ಏನಂತ ಇಟ್ಟಿದ್ರಿ ಹೆಸರು?"

"ಮೇರಿ."

"ಅವಳಿಗೆ ಕೊನೆಗೆ ಏನಾಯ್ತು?"

ಕಥೆಯ ಕೊನೆಯಲ್ಲಿ ಮೇರಿ ಸುರಕ್ಷಿತವಾಗಿ ಅಕ್ಕನ ಮನೆ ಸೇರಿದ್ದಳು. ಎಲ್ಲರೂ ಅದಕ್ಕೂ ಚಪ್ಪಾಳೆ ತಟ್ಟಿದ್ದರು.

ರಾಜಿಯಾದ ಮೇಲೆ ಬಂದವರನ್ನು ಉಪವಾಸ ಕಳಿಸುವಂತಿಲ್ಲ. ಅಡುಗೆ ಸುಲುವೆತಿಯದೇ ಕೆಲಸ. ಅವಳು ಮರಗೆಣಸು ಸುಲಿದಳು, ಬೇಯಿಸಿದಳು, ಡಬ್ಬದ ಮೀನಿಗೆ ತೆಂಗಿನಹಾಲು ಹಿಂಡಿ ಕುದಿಸಿದಳು. ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ಎರಡು ಸಲ ರುಚಿ ನೋಡಿದಳು, ಎರಡು ಸಲವೂ ತಿಳಿಯಲಿಲ್ಲ. ಸುಶೀಲಮತಿ ಕಚೇರಿಯ ಬಾಗಿಲು ಹಾಕಿಕೊಂಡು ಕೂತಿದ್ದಳು, ಊಟಕ್ಕೆ ಬರಲಿಲ್ಲ.

ಜಗುಲಿಯ ಮೇಲೆ ಉದ್ದಕ್ಕೂ ಬಟ್ಟೆ ಹಾಸಿ ಎಲ್ಲರೂ ಕೂತರು. ಈಗ ಹಗುರಾದ ಮಾತು, ಕೀಟಲೆ ಶುರುವಾಗಿತ್ತು. "ಇನ್ಮೇಲೆ ನಿನ್ನ ದೋಣಿ ಹುಟ್ಟನ್ನ ಮಾವನ ಮನೇಲಿ ಅಡ ಇಡು ಕಣೋ," ಎಂದು ಮುದುಕ ಎರೋನಿಯನ್ನು ಛೇಡಿಸಿದ. ಗಂಡಸರು ನಕ್ಕರು. ಇಸಿಕೇಲಿ ಮೇಷ್ಟ್ರನ್ನು ಮರದ ಕೆಳಗಿನಿಂದ ಕರೆದು ಮೇಲುಗಡೆ ಕೂರಿಸಿದರು. ಅವನು ಕಣ್ಣು ಮುಚ್ಚಿ ಉದ್ದದ ಪ್ರಾರ್ಥನೆ ಮಾಡಿದ.

ವಾಸಿತಿ ಗಂಡನ ಪಕ್ಕದಲ್ಲಿ ಕೂತಿದ್ದಳು. ಅವಳ ಮುಂದಿನ ತಟ್ಟೆ ಹಾಗೇ ಇತ್ತು.

"ಅಗಿಯಕ್ಕಾಗಲ್ಲ ಅವಳಿಗೆ," ಎಂದಳು ಸುಲುವೆತಿ, ಸಾರಿನ ಪಾತ್ರೆ ಹಿಡಿದು ನಿಂತಲ್ಲಿಂದಲೇ, ಜೋರಾಗಿ.

ಎರೋನಿ ತಲೆಯೆತ್ತಿ ಸುತ್ತಲಿನವರನ್ನು ನೋಡಿದ. ನಂತರ ಒಂದು ಹೋಳು ಗೆಣಸನ್ನು ತೆಗೆದುಕೊಂಡು, ಬೆರಳುಗಳಿಂದ ಮೆತ್ತಗೆ ಹಿಸುಕಿ, ಸಾರಿನಲ್ಲಿ ಕಲಸಿ, ನಾರು ಆರಿಸಿ ತೆಗೆದು, ಅವಳ ತುಟಿಯ ಹತ್ತಿರ ಹಿಡಿದ. ಕೂತವರ ಕಣ್ಣು ತುಂಬಿ ಬಂತು. ಆಂದಿ ಲಿತಿಯಾ ಸುಲುವೆತಿಯ ಕೈ ಹಿಡಿದು ಒತ್ತಿ ಪಿಸುಗುಟ್ಟಿದಳು, "ನೋಡ್ದಾ? ಪ್ರೀತಿ ಇದೆ ಕಣೇ."

ವಾಸಿತಿ ಬಾಯಿ ತೆರೆದಳು, ಎಷ್ಟು ತೆರೆಯಲಾಗುತ್ತದೋ ಅಷ್ಟು. ಅವನ ಬೆರಳು ಒಳಗೆ ಹೋಗಲಿಲ್ಲ. ಅವನು ನಗುತ್ತ, ಎಲ್ಲರೂ ನೋಡುತ್ತಿದ್ದಂತೆ, ಇನ್ನೊಂದು ಕೈಯಿಂದ ಅವಳ ಗದ್ದವನ್ನು ಹಿಡಿದುಕೊಂಡ.