ಗಾರೆ ಮೇಸ್ತ್ರಿಯ ಬೆಣ್ಣೆ ಕೆಲಸ

ಮಗಳು ಅಪ್ಪನಿಗೆಂದೇ ಒಂದು ಕುರ್ಚಿ ತಂದಿದ್ದಳು. ಹಿಂದಕ್ಕೆ ಒರಗಿದರೆ ಕಾಲು ತಾನಾಗಿ ಮೇಲೇಳುವ, ಕೈಯ ಪಕ್ಕದಲ್ಲೇ ಲೋಟ ಇಡಲು ಗುಳಿಯಿರುವ ಭಾರೀ ಕುರ್ಚಿ. ಅದನ್ನು ಕಂಡರೆ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ನಲವತ್ತೆರಡು ವರ್ಷ ಏಣಿಯ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ದೊಡ್ಡ ದೊಡ್ಡ ಮನೆಗಳ ಚಾವಣಿಗೆ ಗಾರೆಯ ಹೂವು ಬಳ್ಳಿ ಕೂರಿಸಿದ ಮನುಷ್ಯ ಅವನು. ಮಂಡಿ ಕೈಕೊಟ್ಟಿತು, ಏಣಿ ಬಂದ್ ಆಯಿತು. ಆಮೇಲೆ ಮಗಳ ಮನೆ, ಮಗಳ ಮನೆಯಲ್ಲಿ ಈ ಕುರ್ಚಿ. "ಅಪ್ಪಾ, ಆರಾಮಾಗಿ ಕೂತ್ಕೊ" ಎಂದು ದಿನಕ್ಕೆ ಹತ್ತು ಸಲ ಹೇಳಿಸಿಕೊಂಡು ಅವನಿಗೆ ಆರಾಮ ಎಂಬ ಪದ ಕೇಳಿದರೇ ಆಕಳಿಕೆ ಬರುತ್ತಿತ್ತು.

ಕುರ್ಚಿಯ ಮೇಲೆ ನಿಜವಾದ ಆಸೆಯಿದ್ದದ್ದು ಅಳಿಯನಿಗೆ. ಮಾವ ಸ್ನಾನಕ್ಕೆ ಹೋದದ್ದೇ ತಡ, ಅವನು ಅದರಲ್ಲಿ ಬಿದ್ದುಕೊಂಡು ಕಾಲೆತ್ತಿ ಐದು ನಿಮಿಷ ಕಣ್ಣು ಮುಚ್ಚುತ್ತಿದ್ದ.

ಮಗಳದು ಪಾರ್ಟಿಗಳಿಗೆ ಊಟ ಒದಗಿಸುವ ಕಸುಬು. ಅಡುಗೆಮನೆಯ ನಡುವೆ ಉದ್ದನೆಯ ಕಲ್ಲಿನ ಮೇಜು, ಅದರ ಸುತ್ತ ಬೆಳಗಿನಿಂದ ಗಲಗಲ. ಮೇಸ್ತ್ರಿ ಏನಾದರೊಂದು ನೆಪ ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದ, ಮಗಳು ಅವನ ತೋಳು ಹಿಡಿದು ಕುರ್ಚಿಗೆ ವಾಪಸ್ ಕಳಿಸುತ್ತಿದ್ದಳು. ಆ ಮೇಜಿನ ಹತ್ತಿರ ತನಗೊಂದು ಜಾಗ ಬೇಕು. ಅವನಿಗೆ ಬೇಕಾದದ್ದು ಇಷ್ಟೇ, ಆದರೆ ಅದನ್ನು ಬಾಯಿಬಿಟ್ಟು ಕೇಳಲು ಜಂಭ ಬಿಡುತ್ತಿರಲಿಲ್ಲ.

ಜಂಭ ಬಿಟ್ಟು ಕೇಳುವ ದಿನವೂ ಬಂತು. ಹಲ್ಲಿನ ಡಾಕ್ಟರಮ್ಮ ನಿವೃತ್ತಿಯ ಪಾರ್ಟಿ ಇಟ್ಟುಕೊಂಡಿದ್ದರು: ಅರವತ್ತು ಜನ, ಆರು ಬಗೆಯ ಬ್ರೆಡ್ಡು, ನಾಲ್ಕು ರುಚಿಯ ಬೆಣ್ಣೆ. ಬೆಣ್ಣೆಯ ಅಲಂಕಾರ ಮಾಡುತ್ತಿದ್ದ ಹೆಂಗಸು ಮೊಮ್ಮಗು ಹುಟ್ಟಿತೆಂದು ಹಿಂದಿನ ದಿನವೇ ರಜೆ ಹಾಕಿದಳು. ಮಗಳು ತಲೆ ಮೇಲೆ ಕೈ ಹೊತ್ತು ಕೂತಳು.

"ನಾನು ಮಾಡ್ತೀನಿ" ಎಂದ ಮೇಸ್ತ್ರಿ.

"ಅದು ಗಾರೆ ಅಲ್ಲಪ್ಪಾ, ಬೆಣ್ಣೆ."

"ಎರಡೂ ಮೆತ್ತಗಿರುತ್ತೆ, ಎರಡೂ ಹೇಳಿದ ಮಾತು ಕೇಳಲ್ಲ. ಹೂವು ಮಾಡಬೇಕು ತಾನೆ?"

ಮಗಳು ಗಡಿಯಾರ ನೋಡಿದಳು, ಅಪ್ಪನನ್ನು ನೋಡಿದಳು. "ಒಂದೇ ಸಲ. ಏನಾದ್ರೂ ಎಡವಟ್ಟಾಯ್ತೋ, ಮತ್ತೆ ಈ ಮೇಜಿನ ಹತ್ರ ಸುಳೀಬಾರದು. ಸುಮ್ನೆ ಕುರ್ಚೀಲಿ ಕೂತಿರಬೇಕು. ಒಪ್ಪಿಗೇನಾ?"

"ಒಪ್ಪಿಗೆ" ಎಂದ ಮೇಸ್ತ್ರಿ. ಬಾಗಿಲ ಬಳಿಯಿದ್ದ ಅಳಿಯನ ಮುಖ ಮಾತ್ರ ಬಾಡಿತು. ಮಾವ ಕುರ್ಚಿಗೇ ಅಂಟಿಕೊಂಡರೆ ತನ್ನ ಗತಿಯೇನು?

ಮರುದಿನ ಭಾನುವಾರ. ಬೆಳಿಗ್ಗೆ ಆರಕ್ಕೇ ಮೇಸ್ತ್ರಿ ಗಾರೆ ಬಳಿಯುವ ತನ್ನ ಅತಿ ಚಿಕ್ಕ ಕರಣೆಯನ್ನು ಕುದಿಯುವ ನೀರಿಗೆ ಹಾಕಿ, ಉಜ್ಜಿ ಉಜ್ಜಿ ತೊಳೆದ. ಮೂರು ಕಿಲೋ ಬೆಣ್ಣೆಯಲ್ಲಿ ಎರಡನ್ನು ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟ. ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದಾಗ ಮರದ ಸೌಟಿನಿಂದ ಚೆನ್ನಾಗಿ ನಾದಿದ. ಮಗಳು ನಾಲ್ಕು ಬಟ್ಟಲಲ್ಲಿ ರುಚಿಗಳನ್ನು ಜೋಡಿಸಿಟ್ಟಿದ್ದಳು. ಬೆಳ್ಳುಳ್ಳಿಯ ಜೊತೆ ಕೊತ್ತಂಬರಿ, ಕೆಂಪು ಮೆಣಸಿನ ಪುಡಿಯ ಜೊತೆ ನಿಂಬೆಯ ಸಿಪ್ಪೆ, ಜಜ್ಜಿದ ಕಾಳುಮೆಣಸು, ಕೊನೆಗೆ ಜೇನು ಮತ್ತು ದಾಲ್ಚಿನ್ನಿ. ಹೆಚ್ಚಿದ ಕೊತ್ತಂಬರಿಯನ್ನು ಮೇಸ್ತ್ರಿ ಹಾಗೇ ಸುರಿಯಲಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ತೊಟ್ಟಿಕ್ಕುವಂತೆ ಹಿಂಡಿ ಆಮೇಲೆ ಬೆರೆಸಿದ.

"ಇದು ಯಾರು ಹೇಳಿಕೊಟ್ರು?" ಮಗಳು ಹುಬ್ಬೇರಿಸಿದಳು.

"ಒದ್ದೆ ಮರಳು ಹಾಕಿದ ಗಾರೆ ಬೆವರುತ್ತೆ ಕಣಮ್ಮಾ. ಇದೂ ಬೆವರುತ್ತೆ."

ಮಗಳು ತಲೆಯಾಡಿಸಿ ಬ್ರೆಡ್ಡಿನ ಕಡೆ ಹೋದಳು. ಮೇಸ್ತ್ರಿಗೆ ಅಷ್ಟೇ ಸಾಕಾಗಿತ್ತು. ಕರಣೆಯಿಂದ ತೆಳ್ಳಗೆ ಎಸಳು ಸೀಳಿ, ಒಂದರ ಮಗ್ಗುಲಿಗೊಂದು ಸುತ್ತಿ, ಹತ್ತು ಗಂಟೆಯ ಹೊತ್ತಿಗೆ ಅರವತ್ತು ಗುಲಾಬಿ ಮುಗಿಸಿದ. ಹಸಿರು, ಕೆಂಪು, ಚುಕ್ಕೆಯದು, ಕಂದು. ನಾಲ್ಕು ತಟ್ಟೆ ತುಂಬ ಹೂವು. ಹೆಮ್ಮೆಯಿಂದ ಅವನ ಎದೆ ಎರಡಂಗುಲ ಉಬ್ಬಿತು.

ಕೆಡಿಸಿದ್ದು ಅವನ ನಲವತ್ತೆರಡು ವರ್ಷದ ಅಭ್ಯಾಸ. ಗಾರೆಯ ಹೂವು ಮುಗಿದ ಕೂಡಲೇ ಮೇಸ್ತ್ರಿಯಾದವನು ಮಾಡುವ ಮೊದಲ ಕೆಲಸ ಕಿಟಕಿ ತೆರೆಯುವುದು. ಗಾಳಿ ಬಿಸಿಲು ಆಡಿದರೆ ತಾನೆ ಗಟ್ಟಿಯಾಗುವುದು! ಅವನು ಯೋಚಿಸಲೇ ಇಲ್ಲ. ಕೈ ತಾನಾಗಿ ಎರಡೂ ಕದ ತೆರೆಯಿತು, ನಾಲ್ಕೂ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿತು. ಆಮೇಲೆ ಮೇಸ್ತ್ರಿ ಕಾಫಿ ಕುಡಿಯಲು ಹೋದ. ಕೆಲಸ ಮುಗಿಸಿದವನ ಕಾಫಿ ತಾನೆ, ನಿಧಾನವಾಗಿಯೇ ಕುಡಿದ.

ಹಿಂತಿರುಗಿ ಬಂದಾಗ ಗುಲಾಬಿಗಳು ತಲೆ ತಗ್ಗಿಸಿ ಒಂದರ ಮೇಲೊಂದು ಒರಗಿದ್ದವು. ಹಸಿರೂ ಕೆಂಪೂ ಸೇರಿ ಕಟ್ಟೆಯಿಂದಿಳಿದು ಗೋಡೆಗುಂಟ ಹರಿದು ನೆಲ ಮುಟ್ಟಿತ್ತು.

ಹಿಂದೆಯೇ ಬಂದ ಮಗಳು ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಬಿಸಿಲಿಗೆ ಇಟ್ಯಾ ಅಪ್ಪಾ?" ಎಂದಳು ಮೆಲ್ಲಗೆ. "ಹೋಗ್ಲಿ ಬಿಡು. ಹೋಗಿ ಕೂತ್ಕೊ."

"ಇನ್ನೊಂದು ಕಿಲೋ ಇದೆಯಲ್ಲ?"

"ಅರವತ್ತು ಹೂವಿಗೆ ಸಾಲಲ್ಲ. ಇವತ್ತು ಭಾನುವಾರ, ಡೈರಿನೂ ತೆರೆದಿರಲ್ಲ."

"ಅರವತ್ತು ಬೇಡ. ಒಂದೇ ಮಾಡ್ತೀನಿ." ಮೇಸ್ತ್ರಿ ಕರಣೆ ಎತ್ತಿಕೊಂಡ. "ಚಾವಣಿ ಹೂವು, ಚಾವಣಿ ನಡುವೆ ಕೂರಿಸ್ತೀವಲ್ಲ ಅಂಥದ್ದು. ಮಧ್ಯಾಹ್ನದವರೆಗೆ ಸಮಯ ಕೊಡು ಮಗಳೇ. ಆಮೇಲೆ ನೀನು ಹೇಳಿದ ಕಡೆ ಕೂತ್ಕೊತೀನಿ, ಸಾಯೋವರೆಗೂ ಕೂತ್ಕೊತೀನಿ."

ಅಪ್ಪ ಬೇಡಿಕೊಂಡದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೋಗಿ ಕಿಟಕಿ ಮುಚ್ಚಿ ಪರದೆ ಎಳೆದಳು. "ಐಸು ಎಷ್ಟು ಬೇಕು?" ಎಂದು ಕೇಳಿದಳು.

ದೊಡ್ಡ ಚಾವಣಿ ಹೂವನ್ನು ಯಾವ ಮೇಸ್ತ್ರಿಯೂ ಇಡಿಯಾಗಿ ಗಾರೆಯಲ್ಲೇ ಮಾಡುವುದಿಲ್ಲ, ಭಾರಕ್ಕೆ ಕಳಚಿ ಕೆಳಗಿನವರ ತಲೆ ಒಡೆಯುತ್ತದೆ. ಒಳಗೆ ಟೊಳ್ಳು, ಮೇಲಷ್ಟೇ ಗಾರೆ. ಮೇಸ್ತ್ರಿ ಅಗಲವಾದ ಸ್ಟೀಲ್ ಪರಾತವನ್ನು ಬೋರಲು ಹಾಕಿ ಅಡಿಯಲ್ಲಿ ಐಸ್ ತುಂಬಿಸಿದ. ಉಳಿದ ಒಂದು ಕಿಲೋ ಬೆಣ್ಣೆಗೂ ನಾಲ್ಕು ರುಚಿ ಬೆರೆಸಿ, ತಣ್ಣಗಾದ ಪರಾತದ ಬೆನ್ನ ಮೇಲೆ ಒಂದೊಂದೇ ಎಸಳು ಅಂಟಿಸುತ್ತ ಹೋದ. ನಡುವೆ ಜೇನಿನ ಮೊಗ್ಗು, ಅದರ ಸುತ್ತ ಕಾಳುಮೆಣಸು, ಆಮೇಲೆ ಕೆಂಪು, ಅಂಚಿಗೆ ಹಸಿರು ಬಳ್ಳಿ. ಒಂದೊಂದು ಎಸಳಿಗೊಮ್ಮೆ ಕೈಯನ್ನು ಐಸ್ ನೀರಿಗೆ ಅದ್ದುತ್ತಿದ್ದ. ಬೆರಳು ಮರಗಟ್ಟಿದವು, ಮಂಡಿ ಚುಚ್ಚಿತು. ಅಳಿಯ ಒಂದು ಸ್ಟೂಲು ತಂದು ಹಿಂದೆ ಇಟ್ಟ.

ಸಂಜೆ ಡಾಕ್ಟರಮ್ಮನ ಮನೆಯ ಹಜಾರದಲ್ಲಿ ಬಂದವರೆಲ್ಲ ಕಣ್ಣು ಬಾಯಿ ಬಿಟ್ಟುಕೊಂಡು ಬೆಣ್ಣೆಯ ಸುತ್ತ ನಿಂತರು. ಫೋಟೋ ತೆಗೆದದ್ದೇ ತೆಗೆದದ್ದು. ಮೇಸ್ತ್ರಿ ಗೋಡೆಗೊರಗಿ ನೋಡುತ್ತ ನಿಂತ. ಅವನ ಚಾವಣಿಗಳ ಕೆಳಗೆ ಜನ ತಿಂದಿದ್ದರು, ಜಗಳವಾಡಿದ್ದರು, ಮದುವೆಯಾಗಿದ್ದರು. ಕತ್ತೆತ್ತಿ ನೋಡಿದವರು ಎಷ್ಟು ಜನ? ಇವತ್ತು ಅರವತ್ತು ಜನ ನೋಡುತ್ತಿದ್ದರು. ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮಗಳ ಮುಖ ಕಂಡಿತು. ಅದು ಗಂಟಿಕ್ಕಿತ್ತು.

"ಯಾರೂ ಚಾಕು ಮುಟ್ತಿಲ್ಲಪ್ಪಾ" ಎಂದಳು ಬಂದು. "ಹಾಳಾಗುತ್ತೆ ಅಂತ ಎಲ್ರೂ ಬರೀ ಬ್ರೆಡ್ ಅಗೀತಿದ್ದಾರೆ."

ಡಾಕ್ಟರಮ್ಮನೂ ಬಂದರು. "ಮೇಸ್ತ್ರಿಗಳೇ, ಇದನ್ನ ಕತ್ತರಿಸೋಕೆ ಯಾರಿಗೆ ಮನಸ್ಸು ಬರುತ್ತೆ? ಫ್ರೀಜರಲ್ಲಿ ಹಾಗೇ ಇಟ್ಕೊಬಿಡ್ತೀನಿ. ವರ್ಷಗಟ್ಟಲೆ ಇರುತ್ತೆ."

ವರ್ಷಗಟ್ಟಲೆ! ಮೇಸ್ತ್ರಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮಗಳು ಬೆಳಗಿನಿಂದ ಬೇಯಿಸಿದ ಆರು ಬಗೆಯ ಬ್ರೆಡ್ಡು ಒಣಗುತ್ತಿತ್ತು. ಅವನು ಕುಂಟುತ್ತ ಮೇಜಿನ ಬಳಿ ಹೋದ, ಚಾಕು ಎತ್ತಿಕೊಂಡ, ಎಲ್ಲಕ್ಕಿಂತ ಚೆಂದವಾಗಿ ಬಂದಿದ್ದ ಕೆಂಪು ಎಸಳನ್ನು ನೋಡಿ ನೋಡಿ ಅದನ್ನೇ ಕತ್ತರಿಸಿದ. ಸುತ್ತ ನಿಂತವರು "ಅಯ್ಯೋ!" ಎಂದರು. ಅವನು ಅದನ್ನು ಬ್ರೆಡ್ಡಿಗೆ ದಪ್ಪಗೆ ಬಳಿದು ಡಾಕ್ಟರಮ್ಮನ ಕೈಗಿಟ್ಟ.

"ಇಟ್ಕೊಳ್ಳೋದು ಚಾವಣಿಗೆ ಅಮ್ಮಾ. ಇದು ತಿನ್ನೋದಕ್ಕೆ."

ಡಾಕ್ಟರಮ್ಮ ಕಚ್ಚಿದರು. ಕಣ್ಣು ಮುಚ್ಚಿದರು. ಎರಡನೆಯ ತುಂಡಿಗೆ ತಾವೇ ಚಾಕು ಎತ್ತಿಕೊಂಡರು. ಆಮೇಲೆ ನೂಕುನುಗ್ಗಲು. ಅರ್ಧ ಗಂಟೆಯಲ್ಲಿ ಹೂವು ಹೋಗಿ ಪರಾತದ ಬೆನ್ನು ಹೊಳೆಯತೊಡಗಿತು. ಅಂಚಿಗೆ ಉಳಿದಿದ್ದ ಹಸಿರನ್ನೂ ಯಾರೋ ಬ್ರೆಡ್ಡಿನ ಚೂರಿನಿಂದ ಒರೆಸಿಕೊಂಡು ತಿಂದರು.

ಮನೆಗೆ ಬಂದ ಮೇಲೆ ಮೇಸ್ತ್ರಿ ಯಾರೂ ಹೇಳುವ ಮೊದಲೇ ಹೋಗಿ ಕುರ್ಚಿಯಲ್ಲಿ ಕೂತ. ಬೆಳಗಿನ ಎಡವಟ್ಟು ಎಡವಟ್ಟೇ, ಕೊಟ್ಟ ಮಾತು ಮಾತೇ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು, ಆಮೇಲೆ ಏನನ್ನೋ ಎಳೆದಾಡುವ ಸದ್ದು ಕೇಳಿಸಿತು. ಮಗಳು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಶನಿವಾರ ಎಂಬತ್ತು ಜನರ ಪಾರ್ಟಿ ಇದೆ. ಇಲ್ಲಿ ಕೂತು ಏನು ಮಾಡ್ತಿದೀಯ?"

ಮೇಸ್ತ್ರಿ ಎದ್ದು ಹೋಗಿ ನೋಡಿದ. ಕಲ್ಲಿನ ಮೇಜಿನ ಪಕ್ಕ ಅದೇ ಸ್ಟೂಲು, ಅದರ ಮೇಲೆ ಅವನ ಮಂಡಿಗೆಂದು ಮಡಿಸಿಟ್ಟ ದಿಂಬು, ಮುಂದೆ ತೊಳೆದು ಒರೆಸಿಟ್ಟ ಕರಣೆ. ಸ್ಟೂಲು ಮೇಜಿನ ಆಚೆ ತುದಿಯಲ್ಲಿತ್ತು, ಕಿಟಕಿಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ.

ಹಜಾರದಲ್ಲಿ ಕುರ್ಚಿ ಕಿರ್ರೆಂದಿತು. ಅಳಿಯ ಆಗಲೇ ಕಾಲೆತ್ತಿದ್ದ.